ವಿನಯವೂ ಸ್ನೇಹವೂ: ಬೆಟಗೇರಿ ಮಿಶನ್ನಿನ ಚರಿತ್ರೆಯಿಂದ

ಗದುಗಿನ ಹೆಸರೆತ್ತಿದೊಡನೆ ಕನ್ನಡಿಗರ ಮನಸ್ಸು ವೀರನಾರಾಯಣನ ಗುಡಿಯ ಕಡೆಗೆ, ಕುಮಾರವ್ಯಾಸನ ಕಡೆಗೆ ತಿರುಗುವುದು ಸಹಜ. ಅಲ್ಲಿಂದ ತುಸು ದೂರದ ಲಕ್ಷ್ಮೇಶ್ವರವು ಹಿಂದಿನ ಪುಲಿಗೆರೆ. ಕನ್ನಡದ ತಿರುಳು ಇರುವುದೆಲ್ಲಿ ಎಂದು ಹೇಳುವಾಗ ಕವಿರಾಜಮಾರ್ಗವು ಎಣಿಸಿದ ನಾಲ್ಕು ಊರುಗಳಲ್ಲಿ ಒಂದು. ಆ ಒಂದೇ ಊರಿನಲ್ಲಿ ಶಂಖಬಸದಿಯಿದೆ, ಸೋಮೇಶ್ವರನ ದೇವಾಲಯವಿದೆ, ಆದಿಲಶಾಹಿ ಕಾಲದ ಮಸೀದಿಯೂ ಇದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಎರಡು ಧರ್ಮಗಳ ನುಡಿಗಳು ಬೆರೆತುಕೊಂಡಿವೆ. ಮುಂಡರಗಿಯ ಅನ್ನದಾನೀಶ್ವರ ಮಠದ ಹೆಸರು ಹಸಿದವನಿಗೆ ಉಣಬಡಿಸುವುದನ್ನೇ ದೈವತ್ವವೆಂದು ಸಾರುತ್ತದೆ. ಬಂದ ಧರ್ಮಗಳಿಗೆಲ್ಲ ಚಾಪೆ ಹಾಸಿ ಕೂಡಿಸಿದ ಸೀಮೆ ಇದು. ಇಂಥ ಸೀಮೆಗೆ ೧೮೪೧ರಲ್ಲಿ ಮತ್ತೊಬ್ಬ ಅತಿಥಿಯ ಹೆಸರು ಬಂದು ಮುಟ್ಟಿತು. ಅದು ಯೇಸುವಿನ ಹೆಸರು. ಆ ಹೆಸರನ್ನು ತಂದವರು ಬಾಸೆಲ್ ಮಿಶನ್ನಿನ ಪಾದ್ರಿಗಳು. ಯೇಸು ಕಲಿಸಿದ ವಿನಯವನ್ನೂ ಸ್ನೇಹವನ್ನೂ ಅವರು ಇಲ್ಲಿಯ ಜನರಿಗೆ ಬೋಧಿಸಿದರು. ಅದಕ್ಕಿಂತ ಹೆಚ್ಚಾಗಿ, ಅವೆರಡನ್ನೂ ಅವರು ಇಲ್ಲಿಯೇ ಕಲಿಯಬೇಕಾಗಿ ಬಂತು. ಆ ಕಲಿಕೆಯ ಚರಿತ್ರೆಯನ್ನು ಸ್ವಲ್ಪ ಪರಿಶೀಲಿಸೋಣ.

ಮೊದಲು ಯೇಸುವಿನ ಮಾತು. ಸೆರೆಸಿಕ್ಕಿದ ರಾತ್ರಿಯೇ, ಅದಕ್ಕೆ ಮುಂಚೆ, ಆತನು ಊಟದಿಂದ ಎದ್ದು, ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹೊಯ್ದುಕೊಂಡು ತನ್ನ ಶಿಷ್ಯರ ಕಾಲು ತೊಳೆದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಪೇತ್ರನು ಬೇಡವೆಂದು ಕಾಲು ಹಿಂದಕ್ಕೆಳೆದುಕೊಂಡನು. ಆ ಸಂಕೋಚವನ್ನು ನಮ್ಮ ನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶಿಷ್ಯನು ಗುರುವಿನ ಪಾದ ತೊಳೆಯುವುದು, ಆ ಪಾದೋದಕವನ್ನು ಭಕ್ತಿಯಿಂದ ಸ್ವೀಕರಿಸುವುದು ಇಲ್ಲಿಯ ಮನೆಮನೆಯ ಸಂಸ್ಕಾರ. ಇಲ್ಲಿ ನೀರು ತಿರುಗುಮುರುಗಾಗಿ ಹರಿಯಿತು. ಹಾಗೆಂದು ಈ ಚಿತ್ರ ನಮಗೆ ತೀರ ಹೊಸದೂ ಅಲ್ಲ. ಧರ್ಮರಾಯನ ರಾಜಸೂಯದಲ್ಲಿ ಬಂದವರ ಪಾದ ತೊಳೆಯುವ ಕೆಲಸವನ್ನು ಕೃಷ್ಣನು ವಹಿಸಿಕೊಂಡನೆಂದು ಭಾರತದ ಕಥೆ. ದ್ವಾರಕೆಯ ಅರಮನೆಯಲ್ಲಿ ಕುಚೇಲನ ಧೂಳುಗಾಲನ್ನು ತೊಳೆದವನೂ ಅವನೇ. ಕುಚೇಲನ ಪ್ರಸಂಗದಲ್ಲಿ ವಿನಯಕ್ಕೂ ಸ್ನೇಹಕ್ಕೂ ಇರುವ ನಂಟು ನಿಚ್ಚಳವಾಗಿದೆ: ಕಾಲು ತೊಳೆದ ಕೃಷ್ಣ ಅಷ್ಟಕ್ಕೇ ನಿಲ್ಲದೆ, ಗೆಳೆಯ ತಂದ ಹಿಡಿ ಅವಲಕ್ಕಿಯನ್ನು ಕಸಿದುಕೊಂಡು ತಿಂದನು. ಯೇಸುವೂ ಅದೇ ರಾತ್ರಿ, ನೀವು ಇನ್ನು ನನಗೆ ಸೇವಕರಲ್ಲ, ಗೆಳೆಯರು ಎಂಬ ಅರ್ಥದ ಮಾತನ್ನು ಶಿಷ್ಯರಿಗೆ ಹೇಳಿದನು.

ಇನ್ನು ಚರಿತ್ರೆಗೆ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಈ ಮಿಶನ್ನು ೧೮೩೪ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿತು. ಅದರ ಪಾದ್ರಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯವರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ಹೀಗೆ ಅವರ ಠಾಣ್ಯಗಳು ಒಳನಾಡಿಗೆ ಹಬ್ಬಿದವು. ಬೆಟಗೇರಿಯ ಜೊತೆಗೆ ಗದುಗಿನ ಹತ್ತಿರದ ಮಳಸಮುದ್ರದ ಹೆಸರೂ ಕೇಳಿಬರುತ್ತದೆ. ಅದರ ಹಿಂದೊಂದು ಸೋಜಿಗದ ಕಥೆಯಿದೆ. ಈ ಭಾಗದಲ್ಲಿ ಕಾಲಜ್ಞಾನಿಗಳೆಂದು ಕರೆಸಿಕೊಳ್ಳುತ್ತಿದ್ದ ಒಂದು ಪಂಗಡವಿತ್ತು. ಮುಂದೆ ಬರಲಿರುವ ಧರ್ಮಯುಗವನ್ನು ಕುರಿತ ಕಾಲಜ್ಞಾನದ ವಚನಗಳನ್ನು ನಂಬಿದ ಜನ ಅವರು. ಅವರ ಮುಖಂಡರು ಪಾದ್ರಿಗಳನ್ನು ಕಂಡು, ತಮ್ಮ ಗ್ರಂಥಗಳು ಹೇಳುವ ಕಾಲ ಇದೇ ಇರಬೇಕೆಂದು ಸೂಚಿಸಿದರು. ಪಾದ್ರಿಗಳ ಆಸೆ ಮುಗಿಲು ಮುಟ್ಟಿತು. ಸಾವಿರಗಟ್ಟಲೆ ಜನ ಬರುತ್ತಾರೆ, ಅವರಿಗೆ ಹೊಲಮನೆಗಳು ಬೇಕಾಗುತ್ತವೆ ಎಂದು ಲೆಕ್ಕ ಹಾಕಿ, ಹೆರ್ಮನ್ ಮೋಗ್ಲಿಂಗ್ ಮೊದಲಾದವರು ಮಳಸಮುದ್ರದಲ್ಲಿ ಒಕ್ಕಲುತನದ ಒಂದು ಕ್ರೈಸ್ತ ವಸತಿಯನ್ನು ಕಟ್ಟಲು ಮುಂದಾದರು.

ಜನ ಬರಲಿಲ್ಲ. ಕಾಲಜ್ಞಾನಿಗಳು ತಮ್ಮ ಕಾಲದ ದಾರಿಯನ್ನೇ ಕಾಯುತ್ತ ಉಳಿದರು. ವಸತಿಯ ಯೋಜನೆ ಕೈಗೂಡದೆ ಬಿದ್ದುಹೋಯಿತು. ಮಿಶನ್ನಿನ ಚರಿತ್ರೆ ಬರೆದವರು ಇದನ್ನು ಒಂದು ನಿರಾಶೆಯ ಅಧ್ಯಾಯವೆಂದು ಎಣಿಸಿದ್ದಾರೆ. ನನಗೆ ಅದು ಒಂದು ಪಾಠದ ಅಧ್ಯಾಯವಾಗಿ ಕಾಣುತ್ತದೆ. ಆ ಪಾದ್ರಿಗಳಲ್ಲಿ ತ್ಯಾಗಕ್ಕೆ ಕೊರತೆಯಿರಲಿಲ್ಲ. ದೇಶ ಬಿಟ್ಟು, ಬಿಸಿಲು ಬೇನೆಗಳನ್ನು ಸಹಿಸಿ ಬಂದವರು ಅವರು. ಆದರೆ ಮಳಸಮುದ್ರದ ನಕ್ಷೆಯಲ್ಲಿ ಕೊಡುವವರು ಯಾರು, ಕೊಳ್ಳುವವರು ಯಾರು ಎಂಬುದು ಮೊದಲೇ ಗೊತ್ತಾಗಿತ್ತು. ಭೂಮಿ ಕೊಡುವವರು ಅವರು, ಬುದ್ಧಿ ಹೇಳುವವರೂ ಅವರೇ. ಕೊಡುವ ಕೈ ಯಾವಾಗಲೂ ಮೇಲೆಯೇ ಇರುತ್ತದೆ. ಕಂಪನಿ ಸರಕಾರದ ನೆರಳಿನಲ್ಲಿ ಬಂದ ಬಿಳಿಯರಿಗೆ ಆ ಎತ್ತರ ಬೇಡವೆಂದರೂ ತಪ್ಪುತ್ತಿರಲಿಲ್ಲ.

ಅದೇ ಮೋಗ್ಲಿಂಗರ ಬಾಳಿನಲ್ಲಿ ಇನ್ನೊಂದು ಬಗೆಯ ಅಧ್ಯಾಯವೂ ಇದೆ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ೧೮೪೩ರಲ್ಲಿ ಹೊರಡಿಸಿದವರು ಅವರು. ಮರುವರ್ಷ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕೆರಳಿತು. ಬಂಧುಬಳಗ ಅವನಿಂದ ದೂರವಾಯಿತು. ಹೀಗೆ ಎಲ್ಲವನ್ನೂ ಬಿಟ್ಟು ಬಂದವನನ್ನು ಪಾದ್ರಿಯ ಚಾಕರನನ್ನಾಗಿ ಇಟ್ಟುಕೊಳ್ಳುವುದು ಮೋಗ್ಲಿಂಗರಿಗೆ ಸಾಧ್ಯವಾಗಲಿಲ್ಲ. ಕೌಂಡಿನ್ಯರು ೧೮೪೬ರಲ್ಲಿ ಬಾಸೆಲ್ಲಿಗೆ ಹೋಗಿ, ಯುರೋಪಿನ ವಿದ್ಯಾರ್ಥಿಗಳ ಸರಿಸಮಾನವಾಗಿ ಓದಿ, ೧೮೫೧ರಲ್ಲಿ ಪಾದ್ರಿಯ ಅಭಿಷೇಕ ಪಡೆದು ಮರಳಿದರು. ಮುಂದೆ ಕೊಡಗಿನಲ್ಲಿ, ಅಸ್ಪೃಶ್ಯರೆನಿಸಿದ್ದ ಕೂಲಿಯ ಜನರಿಗಾಗಿ ಆನಂದಪುರದ ನೆಲೆ ಎದ್ದುನಿಂತಾಗ ಮೋಗ್ಲಿಂಗರ ಕೈಯೊಡನೆ ಕೌಂಡಿನ್ಯರ ಕೈಯೂ ಅಲ್ಲಿ ಸೇರಿತ್ತು. ಮಳಸಮುದ್ರದಲ್ಲಿ ಒಣಗಿದ ಕನಸು ಕೊಡಗಿನಲ್ಲಿ ಚಿಕ್ಕದಾಗಿಯಾದರೂ ಚಿಗುರಿತು. ಮೊದಲ ಸಲ ಇಲ್ಲದ ಸಂಗಾತಿ ಎರಡನೆಯ ಸಲ ಇದ್ದನು.

ಮೋಗ್ಲಿಂಗರು ಕನ್ನಡದ ಮುಂದೆಯೂ ಕೈಚಾಚಿ ನಿಂತವರು. ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ ೧೮೪೮ರಿಂದ ಮುಂದೆ ಅವರು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚಿಗೆ ತಂದರು. ಬೇರೆಯವರ ಧರ್ಮಗ್ರಂಥಗಳನ್ನು ಓಲೆಗರಿಯಿಂದ ಎತ್ತಿ ಅಚ್ಚು ಹಾಕಿಸುವ ಪಾದ್ರಿಗೆ, ತಾನು ಬಂದದ್ದು ಬರಿದಾದ ಮನೆಗಲ್ಲ ಎಂಬ ಅರಿವು ಆಗಿರಲೇಬೇಕು.

ಈ ಅರಿವು ಇನ್ನಷ್ಟು ಆಳಕ್ಕೆ ಇಳಿದದ್ದು ಫರ್ಡಿನಾಂಡ್ ಕಿಟ್ಟೆಲ್ಲರಲ್ಲಿ. ೧೮೫೩ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಬಂದ ಅವರು ಧಾರವಾಡದ ಕಡೆಯಲ್ಲಿ ಕನ್ನಡ ಕಲಿಯತೊಡಗಿದರು. ಆ ಕಲಿಕೆ ಅವರ ಬಾಳಿನುದ್ದಕ್ಕೂ ನಿಲ್ಲಲಿಲ್ಲ. ೧೮೬೨ರಲ್ಲಿ ಹೊರಬಂದ ಅವರ ‘ಕಥಾಮಾಲೆ’ ಯೇಸುವಿನ ಚರಿತ್ರೆಯನ್ನು ಹೇಳುವ ಪದ್ಯಗ್ರಂಥ. ಬೋಧಿಸಲು ಬಂದವನು ತನ್ನ ಗುರುವಿನ ಕಥೆಯನ್ನು ಕೇಳುವವರ ಹಾಡಿನ ಧಾಟಿಗೆ ಒಪ್ಪಿಸಿದ ಪ್ರಯತ್ನ ಅದು. ಕುಮಾರವ್ಯಾಸನನ್ನು ರಾಗವಾಗಿ ಓದುವ ನಾಡಿನಲ್ಲಿ ಬರಿಯ ಗದ್ಯದ ಉಪದೇಶ ಎದೆಗೆ ಇಳಿಯದೆಂಬುದು ಅವರಿಗೆ ತಿಳಿದಿತ್ತು. ಬಳಿಕ ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿ, ೧೮೯೪ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟು, ೧೯೦೩ರಲ್ಲಿ ವ್ಯಾಕರಣ. ಆ ವರ್ಷವೇ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ನಿಘಂಟನ್ನು ರಚಿಸುವವನ ವೃತ್ತಿ ಒಂದರ್ಥದಲ್ಲಿ ವಿನಯದ ವೃತ್ತಿಯೇ. ಒಂದು ಮಾತಿಗೆ ಅರ್ಥವೇನೆಂದು ಅವನು ಪಂಡಿತನನ್ನೂ ಕೇಳಬೇಕು, ಒಕ್ಕಲಿಗನನ್ನೂ ಕೇಳಬೇಕು. ಕೇಳುವಾಗ ತಾನು ಅರಿಯದವನೆಂದು ಒಪ್ಪಿಕೊಂಡೇ ಕೇಳಬೇಕು.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಆ ಕಾಲದ ಮಿಶನರಿಗಳಲ್ಲಿ ಇಲ್ಲಿಯ ದೇವರುಗಳನ್ನು ಹಳಿದು ಬರೆದವರು, ಜಾತ್ರೆಯಲ್ಲಿ ನಿಂತು ಜನರ ಭಕ್ತಿಯನ್ನು ಕೆಣಕಿದವರು ಕಡಿಮೆಯಿರಲಿಲ್ಲ. ಇತ್ತ ಧರ್ಮ ಬದಲಿಸಿದವನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು. ೧೮೫೦ರ ಕಾಯಿದೆ ಅವನ ಆಸ್ತಿಯ ಹಕ್ಕನ್ನು ಉಳಿಸಿತಾದರೂ ನೆಂಟರನ್ನು ಉಳಿಸಿಕೊಡುವ ಶಕ್ತಿ ಯಾವ ಕಾಯಿದೆಗೂ ಇರಲಿಲ್ಲ. ೧೮೭೬ರಿಂದ ೧೮೭೮ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ ಧಾರವಾಡ ಸೀಮೆಯನ್ನು ಸುಟ್ಟಾಗ ತಬ್ಬಲಿಗಳ ಪಾಲನೆ ಮಿಶನ್ನಿನ ಪಾಲಿಗೂ ಬಂತು. ಹೀಗೆ ಮಿಶನ್ನಿನ ಆಸರೆಯಲ್ಲಿ ಬೆಳೆದ ಸಭೆಗಳಲ್ಲಿ ಪಾದ್ರಿಯೇ ತಂದೆ, ಪಾದ್ರಿಯೇ ಧಣಿ. ಅವನು ಎಷ್ಟೇ ದಯಾಳುವಾಗಿದ್ದರೂ ದಯೆ ಬೇರೆ, ಸ್ನೇಹ ಬೇರೆ.

ಈ ಭೇದವನ್ನು ಲೋಕದ ಮುಂದೆ ನಿರ್ಭಿಡೆಯಾಗಿ ಎತ್ತಿ ಹೇಳಿದವನು ಒಬ್ಬ ಭಾರತೀಯ. ೧೯೧೦ರಲ್ಲಿ ಎಡಿನ್‌ಬರೋದಲ್ಲಿ ಮಿಶನ್ನುಗಳ ವಿಶ್ವಸಮ್ಮೇಳನ ಕೂಡಿದಾಗ ತಮಿಳುನಾಡಿನ ವಿ. ಎಸ್. ಅಜರಯ್ಯ ಮಾತನಾಡಿದರು. ನೀವು ನಿಮ್ಮ ಸೊತ್ತನ್ನು ಬಡವರಿಗೆ ಹಂಚಿದ್ದೀರಿ, ನಿಮ್ಮ ದೇಹವನ್ನೇ ಸವೆಸಿದ್ದೀರಿ, ಅದಕ್ಕೆ ನಾವು ಋಣಿಗಳು. ಆದರೆ ನಮಗೆ ಬೇಕಾದದ್ದು ನಿಮ್ಮ ಗೆಳೆತನ ಎಂಬುದು ಅವರ ಮಾತಿನ ಇಂಗಿತವಾಗಿತ್ತು. ಸಭೆ ತಲ್ಲಣಿಸಿತು. ಎರಡೇ ವರ್ಷಗಳಲ್ಲಿ ಅದೇ ಅಜರಯ್ಯ ದೋರ್ನಕಲ್ಲಿನ ಬಿಷಪ್ಪರಾದರು; ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯ ಅವರು. ಬೆಟಗೇರಿ, ಹುಬ್ಬಳ್ಳಿಗಳಲ್ಲಿ ಈ ಪಾಠವನ್ನು ಭಾಷಣಕ್ಕಿಂತ ಯುದ್ಧವೇ ಹೆಚ್ಚು ಒರಟಾಗಿ ಕಲಿಸಿತು. ೧೯೧೪ರಲ್ಲಿ ಮಹಾಯುದ್ಧ ತೊಡಗಿ, ಜರ್ಮನ್ ಪಾದ್ರಿಗಳು ಬ್ರಿಟಿಷರ ಕಣ್ಣಿಗೆ ಶತ್ರುದೇಶದವರಾಗಿ ಬಂಧನದ ಶಿಬಿರಗಳಿಗೆ ಹೋದರು. ಕೊಡುವ ಕೈಗಳನ್ನು ಕಟ್ಟಿಹಾಕಿದಂತಾಯಿತು. ಆಗ ಸಭೆಗಳ ಭಾರ ಕನ್ನಡದ ಕ್ರೈಸ್ತರ ಹೆಗಲಿಗೇ ಬಿತ್ತು. ಇಂದು ಅವು ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕದ ಡಯಾಸಿಸ್ಸಿಗೆ ಸೇರಿ, ಇಲ್ಲಿಯವರ ಕೈಯಲ್ಲಿಯೇ ನಡೆಯುತ್ತಿವೆ. ಆದರೂ ಬೆಟಗೇರಿಯ ಮಿಶನ್ ಆಸ್ಪತ್ರೆಗೆ ಜನ ಜರ್ಮನ್ ಆಸ್ಪತ್ರೆಯೆಂಬ ಹೆಸರನ್ನೇ ಇಟ್ಟುಕೊಂಡರು. ನಮ್ಮ ಜನ ಉಪಕಾರವನ್ನು ಮರೆಯುವವರಲ್ಲ.

ಇಷ್ಟು ಹೇಳಿದ ಮೇಲೆ ಯೇಸುವಿನ ಬದುಕಿನ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಕಾಲು ತೊಳೆದ ಪ್ರಸಂಗಕ್ಕೆ ಸಿಕ್ಕಷ್ಟು ಪ್ರಚಾರ ಅದಕ್ಕೆ ಸಿಕ್ಕಿಲ್ಲ. ಒಂದು ಮಧ್ಯಾಹ್ನ ದಣಿದು ಬಂದ ಯೇಸು ಸಮಾರ್ಯದ ಬಾವಿಯ ಬಳಿ ಕುಳಿತು, ನೀರಿಗೆ ಬಂದ ಹೆಂಗಸೊಬ್ಬಳನ್ನು ಕುಡಿಯಲು ನೀರು ಬೇಡಿದನು. ಆಕೆ ಬೆರಗಾದಳು. ಯೆಹೂದ್ಯರು ಸಮಾರ್ಯದವರೊಡನೆ ಬಳಕೆಯಿಟ್ಟುಕೊಳ್ಳುವವರಲ್ಲ, ಅವರ ಪಾತ್ರೆಯ ನೀರು ಮುಟ್ಟುವವರಲ್ಲ. ಮಳೆ ಕಡಿಮೆಯಾದ ನಮ್ಮ ಎರೆಯ ನಾಡಿನಲ್ಲಿ, ಯಾರ ಬಾವಿಯ ನೀರನ್ನು ಯಾರು ಸೇದಬೇಕು, ಯಾರ ಕೈಯ ನೀರನ್ನು ಯಾರು ಕುಡಿಯಬೇಕು ಎಂಬ ಕಟ್ಟಳೆಗಳನ್ನು ಕಂಡವರಿಗೆ ಆ ಬೆರಗು ಅರ್ಥವಾಗುತ್ತದೆ. ಯೇಸು ಆಕೆಗೆ ಉಪದೇಶ ಮಾಡಿದ್ದು ಆಮೇಲೆ; ಮೊದಲು ಆಕೆಯ ಮುಂದೆ ಬಾಯಾರಿದವನಾಗಿ ಕೈಯೊಡ್ಡಿದನು. ಕಾಲು ತೊಳೆಯುವುದು ಕೊಡುವವನ ವಿನಯ. ನೀರು ಬೇಡುವುದು ಕೊಳ್ಳುವವನ ವಿನಯ. ಎರಡನೆಯದು ಮೊದಲಿನದಕ್ಕಿಂತ ಕಠಿಣ. ಸ್ನೇಹಕ್ಕೆ ಇವೆರಡೂ ಬೇಕು. ಕುಚೇಲನ ಅವಲಕ್ಕಿಯನ್ನು ಕೃಷ್ಣನು ತಿನ್ನದೆ ಸಂಪತ್ತನ್ನಷ್ಟೇ ಕೊಟ್ಟು ಕಳುಹಿಸಿದ್ದರೆ ಅದು ದೊರೆಯ ದಾನವಾಗುತ್ತಿತ್ತು, ಗೆಳೆತನವಾಗುತ್ತಿರಲಿಲ್ಲ.

ಬೆಟಗೇರಿ ಮಿಶನ್ನಿನ ಚರಿತ್ರೆಯನ್ನು ಈ ಅಳತೆಗೋಲಿನಿಂದ ನೋಡಿದಾಗ, ಎಷ್ಟು ಜನ ಕ್ರೈಸ್ತರಾದರೆಂಬ ಲೆಕ್ಕ ಹಿಂದಕ್ಕೆ ಸರಿಯುತ್ತದೆ. ಕೊಡಲೆಂದೇ ಬಂದವರು ಕೇಳುವುದನ್ನು ಕಲಿತ ಗಳಿಗೆಗಳು ಮುಂದೆ ಬಂದು ನಿಲ್ಲುತ್ತವೆ. ಮಳಸಮುದ್ರದ ವಸತಿ ಉಳಿಯಲಿಲ್ಲ. ಆದರೆ ಕನ್ನಡಿಗರನ್ನು ಕೇಳಿ ಕೇಳಿ ಬರೆದ ಕಿಟ್ಟೆಲ್ಲರ ನಿಘಂಟು ಉಳಿದಿದೆ, ಅದನ್ನು ಎಲ್ಲ ಮತದವರೂ ಬಿಚ್ಚಿ ನೋಡುತ್ತಾರೆ. ಕನ್ನಡವೂ ಆ ಸ್ನೇಹಕ್ಕೆ ತನ್ನ ಮರುಕಾಣಿಕೆ ಸಲ್ಲಿಸಿತು: ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಾಗದೆಯೇ ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಹಾಡಿದರು. ಧರ್ಮಧರ್ಮಗಳ ನಡುವೆ ಮಾತು ಬಿರುಸಾಗುತ್ತಿರುವ ದಿನಗಳಿವು. ನಮ್ಮಲ್ಲಿ ನೆರೆಯವನಿಗೆ ಕೊಡಲು ಏನಿದೆ ಎಂದು ಎಲ್ಲರೂ ಬಲ್ಲೆವು. ಅವನಿಂದ ಬೇಡಿ ಪಡೆಯತಕ್ಕದ್ದು ಏನಿದೆ ಎಂಬುದನ್ನೂ ಪ್ರತಿಯೊಬ್ಬರು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.