ಅರಿಯದ ಕೈಗಳು: ಮ್ಯಾನ್‌ಹಟನ್ ಯೋಜನೆಯ ಮೂರು ಕ್ಷೇತ್ರಗಳು

ಉದ್ಯಾನವೆಂದೊಡನೆ ನೆನಪಾಗುವ ಹೂವು, ಹುಲ್ಲುಹಾಸುಗಳನ್ನು ಇಲ್ಲಿ ಅರಸುವಂತಿಲ್ಲ. ಜಪಾನಿನ ಮೇಲೆ ಬಿದ್ದ ಅಣುಬಾಂಬುಗಳು ಸಿದ್ಧವಾದ ಎಡೆಗಳನ್ನು ಅಮೆರಿಕವು 2015ರ ನವೆಂಬರ್ 10ರಂದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವನ್ನಾಗಿಸಿತು. ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್, ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್, ಟೆನೆಸಿಯ ಓಕ್ ರಿಜ್ ಎಂಬ ಈ ಮೂರು ಕ್ಷೇತ್ರಗಳ ನಡುವೆ ಸಾವಿರ ಕಿಲೋಮೀಟರಿಗೂ ಮೀರಿದ ಅಂತರವಿದೆ.

ಲಾಸ್ ಅಲಮೋಸ್ ಎಲ್ಲರಿಗೂ ತಿಳಿದ ಹೆಸರು. ಬಾಲಕರ ವಸತಿಶಾಲೆಯಿದ್ದ ಆ ಬೆಟ್ಟದ ಮೇಲೆ ಓಪನ್‌ಹೈಮರ್ ವಾಸಿಸಿದ ಮನೆ ಇಂದಿಗೂ ಇದೆ. ಸ್ನಾನದ ತೊಟ್ಟಿಯುಳ್ಳ ಮನೆಗಳು ಆ ಸಾಲಿನಲ್ಲಿ ಮಾತ್ರ ಇದ್ದುದರಿಂದ ಬೀದಿಗೆ ‘ಬಾತ್‌ಟಬ್ ರೋ’ ಎಂದೇ ಹೆಸರಾಯಿತು.

ಹ್ಯಾನ್‌ಫರ್ಡ್‌ನಲ್ಲಿ ನೋಡಬೇಕಾದುದು ‘ಬಿ’ ರಿಯಾಕ್ಟರ್. ಗ್ರಾಫೈಟ್ ಇಟ್ಟಿಗೆಗಳ ಗೋಡೆಯಂತಹ ರಾಶಿ, ಅದನ್ನು ಹಾದುಹೋಗುವ 2,004 ಕೊಳವೆಗಳು, ಅವುಗಳನ್ನು ತಣಿಸಲು ಕೊಲಂಬಿಯಾ ನದಿಯ ನೀರು. 1944ರ ಸೆಪ್ಟೆಂಬರಿನಲ್ಲಿ ಅದು ಕೆಲಸ ಆರಂಭಿಸಿತು. ನಾಗಸಾಕಿಯ ಬಾಂಬಿನ ಪ್ಲುಟೋನಿಯಂ ಹ್ಯಾನ್‌ಫರ್ಡ್‌ನದು. ಇದಕ್ಕಾಗಿ 1943ರಲ್ಲಿ ಅಲ್ಲಿನ ರೈತರನ್ನು ಎಬ್ಬಿಸಲಾಯಿತು. ನದಿಯನ್ನೇ ನಂಬಿದ್ದ ವಾನಪಮ್ ಜನರಿಗೆ ತಮ್ಮ ಮೀನುಗಾರಿಕೆಯ ನೆಲೆಗಳು ತಪ್ಪಿದವು. ಊರಿನ ಪ್ರೌಢಶಾಲೆಯ ಗೋಡೆಗಳು ಮಾತ್ರ ಬಯಲಿನಲ್ಲಿ ಉಳಿದಿವೆ.

ಆದರೆ ನನ್ನ ಚಿಂತನೆಯನ್ನು ಹಿಡಿದು ನಿಲ್ಲಿಸಿದ್ದು ಓಕ್ ರಿಜ್. ಯುರೇನಿಯಂನ ಎರಡು ಬಗೆಗಳನ್ನು ಬೇರ್ಪಡಿಸಲು ವೈ-12 ಕಾರ್ಖಾನೆಯಲ್ಲಿ ಭಾರಿ ವಿದ್ಯುತ್ಕಾಂತಗಳನ್ನು ನಿಲ್ಲಿಸಿದರು. ಯುದ್ಧಕಾಲದಲ್ಲಿ ತಾಮ್ರ ದೊರೆಯದೆ ಸರ್ಕಾರದ ಖಜಾನೆಯಿಂದ 13,000 ಟನ್ನಿಗೂ ಮಿಗಿಲಾದ ಬೆಳ್ಳಿಯನ್ನು ಎರವಲು ತಂದು ಸುರುಳಿ ಸುತ್ತಿದರು. ಯಂತ್ರಗಳ ಮುಂದೆ ಕುಳಿತವರು ಬಹುಪಾಲು ಪ್ರೌಢಶಾಲೆ ಮುಗಿಸಿದ ಯುವತಿಯರು. ಮುಳ್ಳು ಅತ್ತಿತ್ತ ಸರಿಯದಂತೆ ತಿರುಪನ್ನು ತಿರುಗಿಸುವುದು ಅವರ ಕೆಲಸ. ಏನು ತಯಾರಾಗುತ್ತಿದೆಯೆಂದು ಅವರಿಗೆ ಹೇಳಿರಲಿಲ್ಲ, ಕೇಳುವುದೂ ಸಲ್ಲದಿತ್ತು. ಒಮ್ಮೆ ವಿಜ್ಞಾನಿಗಳಿಗೂ ಇವರಿಗೂ ಉತ್ಪಾದನೆಯ ಪಂದ್ಯ ನಡೆದಾಗ ಗೆದ್ದವರು ಇವರೇ. ವಿಜ್ಞಾನಿಗಳು ಪ್ರತಿಯೊಂದು ಏರುಪೇರಿಗೂ ಕಾರಣ ಹುಡುಕುತ್ತಿದ್ದರು. ಇವರು ಹೇಳಿದಷ್ಟನ್ನು ಮಾಡುತ್ತಿದ್ದರು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಸ್ರವವನ್ನು ಬಿಡಿಸಿ ತೋರಿಸುವ ಕ್ರಮವನ್ನು ಇಲ್ಲಿ ನೆನೆಯಬೇಕು. ಕಾರ್ಯವನ್ನು ಸಂಕಲ್ಪಿಸುವುದು ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ. (ಮದುವೆಗೂ ಉದ್ಘಾಟನೆಗೂ ನಾವು ಬಳಸುವ ‘ಸಮಾರಂಭ’ಕ್ಕೆ ಈ ಅರ್ಥವೂ ಇದೆ.) ಇವುಗಳನ್ನು ಮನೋವಾಕ್ಕಾಯಗಳಿಂದಲೂ ಕೃತ-ಕಾರಿತ-ಅನುಮತಗಳಿಂದಲೂ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಲಾಸ್ ಅಲಮೋಸನ್ನು ಸಂರಂಭದ ಊರೆಂದೂ ಉಳಿದೆರಡನ್ನು ಸಮಾರಂಭದ ಊರುಗಳೆಂದೂ ಕರೆಯಬಹುದು. ಆ ಯುವತಿಯರನ್ನು ಎಲ್ಲಿರಿಸುವುದು? ಅದೇ ಅಧ್ಯಾಯವು ಜ್ಞಾತಭಾವ, ಅಜ್ಞಾತಭಾವಗಳಿಂದ ಆಸ್ರವದಲ್ಲಿ ತಾರತಮ್ಯವುಂಟೆನ್ನುತ್ತದೆ. ಅರಿಯದವರಿಗೆ ಲೇಪವೇ ಇಲ್ಲವೆನ್ನುವುದಿಲ್ಲ. ನನಗೆ ತೋರುವಂತೆ ಅವರ ಪಾಲು ಹಗುರವಾದುದು. ಅವರ ಅರಿಯದಿರುವಿಕೆಯನ್ನೇ ಕಾರ್ಖಾನೆಯ ಒಂದು ಉಪಕರಣವಾಗಿ ಯೋಜಿಸಿದವರ ‘ಕಾರಿತ’ವು ಅಷ್ಟೇ ಭಾರವಾಗುತ್ತದೆ.

ಅನುಮತದ ಪ್ರಶ್ನೆ ಇನ್ನೂ ಕಠಿಣ. 1945ರ ಆಗಸ್ಟಿನಲ್ಲಿ ಯುದ್ಧ ಮುಗಿದಾಗ ಓಕ್ ರಿಜ್‌ನ ಜನರು ಪತ್ರಿಕೆಗಳನ್ನೆತ್ತಿ ಹರ್ಷಿಸಿದ ಛಾಯಾಚಿತ್ರವೊಂದಿದೆ. ಆ ವೇಳೆಗೆ ತಾವು ಮಾಡಿದ್ದೇನೆಂದು ಅವರಿಗೆ ತಿಳಿದಿತ್ತು. ಅವರು ಹರ್ಷಿಸಿದ್ದು ಹಿರೋಷಿಮಾಕ್ಕೋ, ರಣರಂಗದಿಂದ ಮರಳಲಿದ್ದ ಅಣ್ಣತಮ್ಮಂದಿರಿಗೋ? ಚಿತ್ರದ ಮುಖಗಳನ್ನು ಎಷ್ಟು ನೋಡಿದರೂ ಇವೆರಡನ್ನು ಬೇರ್ಪಡಿಸಲು ನನ್ನಿಂದಾಗಲಿಲ್ಲ.

ಅದೇ ಊರಿನ ಸಾರ್ವಜನಿಕ ತೋಟದಲ್ಲಿ ಜಪಾನಿನಲ್ಲಿ ಎರಕ ಹೊಯ್ದ ದೊಡ್ಡ ಕಂಚಿನ ಗಂಟೆಯೊಂದನ್ನು 1996ರಲ್ಲಿ ಸ್ಥಾಪಿಸಲಾಯಿತು. ಅದು ಬೌದ್ಧಧರ್ಮದ ಚಿಹ್ನೆಯೆಂದು ಆಕ್ಷೇಪಿಸಿ ಮೊಕದ್ದಮೆ ನಡೆಯಿತು, ನ್ಯಾಯಾಲಯವು ಒಪ್ಪಲಿಲ್ಲ. ಗಂಟೆಗೆ ನಾಲಗೆಯಿಲ್ಲ. ನೋಡಬಂದವರು ಪಕ್ಕದಲ್ಲಿ ತೂಗುಬಿಟ್ಟ ಮರದ ದಿಮ್ಮಿಯನ್ನು ಹಿಂದಕ್ಕೆಳೆದು ತಾವೇ ಬಾರಿಸಬೇಕು.