ಗಡಿ ದಾಟದ ಬಿಯರ್

ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯಲ್ಲಿ ಬಿಯರ್ ಬಗ್ಗೆ ಲೇಖನವೇ, ಅದೂ ವೈದ್ಯರ ಕೈಯಿಂದಲೇ ಎಂದು ಹಿರಿಯರು ಕೆಲವರು ಹುಬ್ಬೇರಿಸಬಹುದು. ಗಾಬರಿ ಬೇಡ. ಕುಡಿಯಿರಿ ಎಂದು ಶಿಫಾರಸು ಮಾಡಲು ನಾವು ಹೊರಟಿಲ್ಲ. ನಾವು ಬಂದು ನೆಲೆಸಿರುವ ಈ ಅಮೆರಿಕದ ಚರಿತ್ರೆಯಲ್ಲಿ ಒಂದು ಸ್ವಾರಸ್ಯಕರ ಪುಟವಿದೆ. ಅದನ್ನು ತಮ್ಮ ಮುಂದೆ ತೆರೆದಿಡುವುದಷ್ಟೇ ನಮ್ಮ ಉದ್ದೇಶ.

ದೇಶ ಒಂದೇ, ನಾಣ್ಯ ಒಂದೇ, ಕಡಲಿನಿಂದ ಕಡಲಿಗೆ ಹಾಸಿದ ಹೆದ್ದಾರಿಗಳೂ ಇವೆ. ಆದರೂ 1970ರ ದಶಕದ ಆರಂಭದಲ್ಲಿ ಡೆನ್ವರಿನಲ್ಲಿ ಸುಲಭವಾಗಿ ಸಿಗುತ್ತಿದ್ದ ಕೂರ್ಸ್ ಬಿಯರ್ ನ್ಯೂಯಾರ್ಕಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಪಶ್ಚಿಮದ ಹನ್ನೊಂದು ರಾಜ್ಯಗಳಲ್ಲಿ ಮಾತ್ರ ಅದರ ಮಾರಾಟ. ಇದು ಹೇಗಾಯಿತು? ಉತ್ತರದಲ್ಲಿ ಮೂರು ಎಳೆಗಳಿವೆ: ಸೂಕ್ಷ್ಮಜೀವಿ, ಮಂಜುಗಡ್ಡೆ ಮತ್ತು ಕಾನೂನು.

ಮೊದಲನೆಯದು ನಮ್ಮ ವೃತ್ತಿಗೆ ಹತ್ತಿರವಾದದ್ದು. ಬಿಯರ್ ಹಾಲಿನಂತೆಯೇ ಕೆಡುವ ಪದಾರ್ಥ. ಆದರೆ ಒಂದು ವ್ಯತ್ಯಾಸವುಂಟು. ಹಾಲಿನಲ್ಲಿ ಕ್ಷಯ, ಟೈಫಾಯಿಡ್‌ನಂಥ ರೋಗಗಳ ಕ್ರಿಮಿಗಳು ಬದುಕಬಲ್ಲವು. ಬಿಯರಿನ ಹುಳಿ, ಮದ್ಯಸಾರ ಮತ್ತು ಹಾಪ್ಸ್ ಹೂವಿನ ಕಹಿಯ ನಡುವೆ ಅಂಥ ಕ್ರಿಮಿಗಳು ಸಾಮಾನ್ಯವಾಗಿ ಬೆಳೆಯಲಾರವು. ಅಲ್ಲಿ ಬೆಳೆಯುವುದು ಮೊಸರು ಹುಳಿಯಾಗಿಸುವ ಜಾತಿಯ ಬ್ಯಾಕ್ಟೀರಿಯಾಗಳು. ಅವು ಕುಡಿದವನಿಗೆ ಕಾಯಿಲೆ ತರುವುದಿಲ್ಲ, ಬಿಯರಿನ ರುಚಿ ಕೆಡಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಬಿಯರ್ ಊರಿನ ವಸ್ತುವಾಗಿಯೇ ಉಳಿದದ್ದು ಇದರಿಂದಲೇ. ಕುದುರೆಗಾಡಿ ಹೋಗಿಬರುವಷ್ಟು ದೂರವೇ ಅದರ ಸಾಮ್ರಾಜ್ಯ. 1873ರ ಸುಮಾರಿಗೆ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬಿಯರ್ ಕಾರ್ಖಾನೆಗಳಿದ್ದವು. ಊರಿಗೊಂದು ಬಾವಿ ಇದ್ದಂತೆ ಊರಿಗೊಂದು ಬಿಯರ್.

ಈ ಚಿತ್ರವನ್ನು ಬದಲಿಸಿದವರಲ್ಲಿ ಮುಖ್ಯರು ಲೂಯಿ ಪಾಶ್ಚರ್. ದ್ರಾಕ್ಷಾರಸವನ್ನು ಹದವಾಗಿ ಬಿಸಿ ಮಾಡಿದರೆ ಕೆಡದೆ ಉಳಿಯುತ್ತದೆಂದು 1860ರ ದಶಕದಲ್ಲಿ ತೋರಿಸಿದ ಅವರು, 1876ರಲ್ಲಿ ಬಿಯರಿನ ಬಗ್ಗೆಯೇ ಒಂದು ಗ್ರಂಥ ಬರೆದರು. ಸೇಂಟ್ ಲೂಯಿಸ್ ನಗರದ ಅಡಾಲ್ಫಸ್ ಬುಶ್ ಎಂಬ ಜರ್ಮನ್ ವಲಸೆಗಾರ ಈ ವಿದ್ಯೆಯನ್ನು ಬೇಗನೆ ಹಿಡಿದ. ಬಾಟಲಿಗಳನ್ನು ಪಾಶ್ಚರೀಕರಿಸಿದ, ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳಲ್ಲಿ ಬಿಯರ್ ಕಳಿಸಿದ, ದಾರಿಯುದ್ದಕ್ಕೂ ಮಂಜುಗಡ್ಡೆಯ ಉಗ್ರಾಣಗಳನ್ನು ಕಟ್ಟಿಸಿದ. 1876ರಲ್ಲಿ ಆರಂಭವಾದ ಅವನ ಬಡ್‌ವೈಸರ್ ದೂರದೂರಕ್ಕೆ ಹೋಗಲು ಸಾಧ್ಯವಾದದ್ದು ಹೀಗೆ. ಮುಂದೆ ಅದೇ ಕಂಪನಿ 1951ರಲ್ಲಿ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ, 1954ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಾರ್ಖಾನೆ ತೆರೆಯಿತು. ಬಿಯರನ್ನು ದೂರ ಸಾಗಿಸುವ ಬದಲು ಕಾರ್ಖಾನೆಯನ್ನೇ ಜನರ ಬಳಿಗೆ ಸಾಗಿಸುವ ಜಾಣತನ ಅದು.

ಕೂರ್ಸ್ ಹಿಡಿದದ್ದು ಇದಕ್ಕೆ ತದ್ವಿರುದ್ಧವಾದ ದಾರಿ. ಅಡಾಲ್ಫ್ ಕೂರ್ಸ್ ಕೂಡ ಜರ್ಮನ್ ವಲಸೆಗಾರನೇ. 1873ರಲ್ಲಿ ಕೊಲೊರಾಡೊದ ಗೋಲ್ಡನ್ ಎಂಬ ಪುಟ್ಟ ಊರಿನಲ್ಲಿ ಪಾಲುದಾರನೊಬ್ಬನೊಡನೆ ಕಾರ್ಖಾನೆ ತೆರೆದ. ಕೊಲೊರಾಡೊದಲ್ಲಿ ಪಾನನಿಷೇಧ 1916ರಲ್ಲೇ ಜಾರಿಗೆ ಬಂದಾಗ ಮಾಲ್ಟ್ ಬೆರೆಸಿದ ಹಾಲಿನ ಪುಡಿಯನ್ನೂ ಪಿಂಗಾಣಿಯನ್ನೂ ಮಾರಿ ಸಂಸ್ಥೆ ಜೀವ ಹಿಡಿದುಕೊಂಡಿತು. ರಸಾಯನಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಕೂರ್ಸ್ ಎಂದು ಮುದ್ರೆಯಿರುವ ಬಿಳಿಯ ಮೂಸೆಗಳನ್ನು ನಮ್ಮಲ್ಲಿ ಕೆಲವರು ಕಂಡಿರಬಹುದು. ಅದು ಇದೇ ಮನೆತನದ ಕಸುಬು.

1959ರಲ್ಲಿ ಕೂರ್ಸ್ ಪಾಶ್ಚರೀಕರಣವನ್ನು ಕೈಬಿಟ್ಟಿತು. ಬಿಸಿ ತಗುಲಿದರೆ ರುಚಿ ಹೋಗುತ್ತದೆ ಎಂಬುದು ಅದರ ವಾದ. ಅದರ ಬದಲು ಬಿಯರನ್ನು ಸೂಕ್ಷ್ಮವಾಗಿ ಸೋಸಿ, ತಂಪಾಗಿ ಡಬ್ಬಿಗೆ ತುಂಬಿ, ತಂಪಾಗಿಯೇ ಲಾರಿಗಳಲ್ಲಿ, ರೈಲುಗಳಲ್ಲಿ ಕಳಿಸಿ, ಮಾರಾಟಗಾರನ ಉಗ್ರಾಣದಲ್ಲೂ ತಂಪಾಗಿಯೇ ಇಡಬೇಕೆಂದು ಕಟ್ಟುನಿಟ್ಟು ಮಾಡಿತು. ಪೋಲಿಯೊ ಲಸಿಕೆ ಹಳ್ಳಿ ತಲುಪುವವರೆಗೆ ತಂಪಿನ ಸರಪಳಿ ಎಲ್ಲೂ ಕಡಿಯಬಾರದು ಎಂದು ನಾವು ವೈದ್ಯರು ಹೇಳುವುದಿಲ್ಲವೇ, ಇದೂ ಹಾಗೆಯೇ. ಇದ್ದದ್ದು ಗೋಲ್ಡನ್‌ನ ಒಂದೇ ಕಾರ್ಖಾನೆ. ಅಲ್ಲಿಂದ ಸರಪಳಿ ಎಷ್ಟು ದೂರ ಎಳೆದರೆ ಕಡಿಯುವುದಿಲ್ಲವೋ ಅಷ್ಟೇ ಅದರ ಮಾರುಕಟ್ಟೆ.

ಇನ್ನು ಮೂರನೆಯ ಎಳೆ, ಕಾನೂನು. 1920ರಲ್ಲಿ ದೇಶಾದ್ಯಂತ ಜಾರಿಗೆ ಬಂದ ಪಾನನಿಷೇಧ 1933ರ ಡಿಸೆಂಬರ್ 5ರಂದು ಸಂವಿಧಾನದ ಇಪ್ಪತ್ತೊಂದನೆಯ ತಿದ್ದುಪಡಿಯೊಂದಿಗೆ ಕೊನೆಗೊಂಡಿತು. ಆದರೆ ಆ ತಿದ್ದುಪಡಿಯ ಎರಡನೆಯ ವಿಧಿ, ತನ್ನ ಗಡಿಯೊಳಗೆ ಮದ್ಯ ಹೇಗೆ ಬರಬೇಕೆಂದು ತೀರ್ಮಾನಿಸುವ ಅಧಿಕಾರವನ್ನು ಆಯಾ ರಾಜ್ಯಕ್ಕೇ ಬಿಟ್ಟಿತು. ಪರಿಣಾಮವಾಗಿ ರಾಜ್ಯಕ್ಕೊಂದು ಕಾನೂನು. ಹೆಚ್ಚಿನ ಕಡೆ ತಯಾರಕ, ಸಗಟು ವ್ಯಾಪಾರಿ, ಚಿಲ್ಲರೆ ಅಂಗಡಿ ಎಂಬ ಮೂರು ಮೆಟ್ಟಿಲು. ಸಾಮಾನ್ಯವಾಗಿ ಒಂದನ್ನು ಹಾರಿ ಇನ್ನೊಂದಕ್ಕೆ ಹೋಗುವಂತಿಲ್ಲ. ಒಕ್ಲಹೋಮಾದ ದಿನಸಿ ಅಂಗಡಿಗಳಲ್ಲಿ ತೂಕದಲ್ಲಿ ಶೇಕಡಾ 3.2ಕ್ಕಿಂತ ಹೆಚ್ಚು ಮದ್ಯಸಾರವಿರುವ ಬಿಯರ್ ಮಾರುವಂತಿರಲಿಲ್ಲ. ಆ ನಿಯಮ ಹೋದದ್ದು 2018ರಲ್ಲಿ. ಹೊಸ ರಾಜ್ಯಕ್ಕೆ ಕಾಲಿಡುವುದೆಂದರೆ ಕಂಪನಿಗೆ ಹೊಸ ಪರವಾನಗಿ, ಹೊಸ ತೆರಿಗೆ, ಹೊಸ ವ್ಯಾಪಾರಿ.

ಕನ್ನಡಿಗರಿಗೆ ಇದು ಹೊಸದೇನಲ್ಲ. ನಮ್ಮ ಭಾರತದ ಸಂವಿಧಾನದಲ್ಲೂ ಮದ್ಯ ರಾಜ್ಯಪಟ್ಟಿಗೆ ಸೇರಿದ ವಿಷಯ. ಬಾಟಲಿಯ ಮೇಲೆ ಇಂಥ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚು ಹಾಕುವ ಪದ್ಧತಿ ಇದರಿಂದಲೇ ಬಂದದ್ದು. 1915ರಲ್ಲಿ ಸ್ಥಾಪನೆಯಾದ, ಮುಂದೆ ಬಂಟ್ವಾಳ ಮೂಲದ ವಿಠ್ಠಲ್ ಮಲ್ಯ ಅವರ ಕೈಯಲ್ಲಿ ಬೆಳೆದ ಯುನೈಟೆಡ್ ಬ್ರೂವರೀಸ್ ಸಂಸ್ಥೆಗೆ ರಾಜ್ಯ ರಾಜ್ಯಗಳಲ್ಲಿ ಕಾರ್ಖಾನೆ ಬೇಕಾದದ್ದಕ್ಕೂ ಗಡಿಯ ಸುಂಕ ಒಂದು ಮುಖ್ಯ ಕಾರಣ. ಸೇಂಟ್ ಲೂಯಿಸ್‌ನ ಜಾಣತನ ಬೆಂಗಳೂರಿಗೂ ಬೇಕಾಯಿತು.

ಈಗ ಮತ್ತೆ ಕೂರ್ಸ್ ಕಥೆಗೆ ಬರೋಣ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಕೊಲೊರಾಡೊದವರಿಗೆ ಹಿತ್ತಲ ಗಿಡವಾಗಿದ್ದ ಬಿಯರ್ ಪೂರ್ವದವರಿಗೆ ಸಂಜೀವಿನಿಯಂತೆ ಕಂಡಿತು. ರಜೆಗೆ ಪಶ್ಚಿಮಕ್ಕೆ ಹೋದವರು ಕಾರಿನ ಡಿಕ್ಕಿ ತುಂಬ ತಂದರು. ಲಾರಿಗಟ್ಟಲೆ ಕದ್ದು ಸಾಗಿಸಿ ದುಬಾರಿ ಬೆಲೆಗೆ ಮಾರುವವರೂ ಹುಟ್ಟಿಕೊಂಡರು. ಅಧ್ಯಕ್ಷ ಫೋರ್ಡ್ ಅವರಿಗೂ ಈ ಬಿಯರ್ ಪ್ರಿಯವೆಂದು ಪತ್ರಿಕೆಗಳು ಬರೆದವು. 1977ರಲ್ಲಿ ತೆರೆಕಂಡ ಸ್ಮೋಕಿ ಆ್ಯಂಡ್ ದ ಬ್ಯಾಂಡಿಟ್ ಚಿತ್ರದ ಕಥೆಯೇ ಇದು: ಟೆಕ್ಸಾಸಿನ ಟೆಕ್ಸರ್ಕಾನಾದಿಂದ 400 ಪೆಟ್ಟಿಗೆ ಕೂರ್ಸನ್ನು ಅಟ್ಲಾಂಟಾಕ್ಕೆ ಸಾಗಿಸಲು ಹೋಗಿಬರುವ ದಾರಿಗೆ ಒಟ್ಟು 28 ಗಂಟೆಗಳ ಪಂದ್ಯ, ಬೆನ್ನ ಹಿಂದೆ ಪೊಲೀಸರು! ತಮಾಷೆಯೆಂದರೆ, ಬಿಸಿಲಲ್ಲಿ ಕಾದ ಡಿಕ್ಕಿಯಲ್ಲಿ ಬಂದ ಆ ಬಿಯರಿಗೆ ತಂಪಿನ ಸರಪಳಿ ಎಂದೋ ಕಡಿದಿತ್ತು. ಯಾವ ಗುಣಕ್ಕಾಗಿ ಜನ ಅದನ್ನು ಹಂಬಲಿಸಿದರೋ ಆ ಗುಣವೇ ಕೈಗೆ ಬರುವ ಹೊತ್ತಿಗೆ ಸೊರಗಿರುತ್ತಿತ್ತು.

ಮುಂದೆ ಕೂರ್ಸ್ ನಿಧಾನವಾಗಿ ಪೂರ್ವಕ್ಕೆ ಹರಡಿತು. 1981ರಲ್ಲಿ ಮಿಸಿಸಿಪಿ ನದಿ ದಾಟಿ, 1991ರ ಹೊತ್ತಿಗೆ ಐವತ್ತೂ ರಾಜ್ಯಗಳನ್ನು ತಲುಪಿತು. ಎಲ್ಲೆಡೆ ಸಿಗತೊಡಗಿದ ಮೇಲೆ ಅದು ಹತ್ತರಲ್ಲಿ ಹನ್ನೊಂದನೆಯದಾಯಿತು. ಈಗ ಅದಕ್ಕಾಗಿ ಯಾರೂ ಲಾರಿ ಓಡಿಸುವುದಿಲ್ಲ.

ಆದರೆ ಗಡಿಗಳು ಬಿದ್ದಾಗ ಬಿದ್ದದ್ದು ಮೋಹವೊಂದೇ ಅಲ್ಲ. ನಾಲ್ಕು ಸಾವಿರ ದಾಟಿದ್ದ ಕಾರ್ಖಾನೆಗಳ ಸಂಖ್ಯೆ 1970ರ ದಶಕದ ಕೊನೆಗೆ ನೂರಕ್ಕಿಂತ ಕೆಳಗಿಳಿದಿತ್ತು. ಪಾನನಿಷೇಧ ಕೆಲವನ್ನು ನುಂಗಿತು. ರೈಲು, ಹೆದ್ದಾರಿ, ಟೆಲಿವಿಷನ್ ಜಾಹೀರಾತುಗಳು ಉಳಿದವುಗಳಲ್ಲಿ ಬಹುಪಾಲನ್ನು ನುಂಗಿದವು. ಎಲ್ಲ ಕಡೆ ಎಲ್ಲವೂ ಸಿಗುವಂತಾದಾಗ ಊರಿನದು ಎನ್ನುವುದು ಉಳಿಯಲಿಲ್ಲ. 1978ರಲ್ಲಿ ಮನೆಯಲ್ಲಿ ಬಿಯರ್ ತಯಾರಿಸಲು ಕೇಂದ್ರ ಕಾನೂನು ಅನುಮತಿ ನೀಡಿದ ಮೇಲೆ ಸಣ್ಣ ತಯಾರಕರು ಮತ್ತೆ ಚಿಗುರಿದರು. ವಿಸ್ಕಾನ್ಸಿನ್‌ನ ನ್ಯೂ ಗ್ಲಾರಸ್ ಎಂಬ ಸಂಸ್ಥೆ ಇಂದಿಗೂ ಬೇಕೆಂದೇ ತನ್ನ ರಾಜ್ಯದಾಚೆ ಮಾರುವುದಿಲ್ಲ. ಹಿಂದೆ ಅನಿವಾರ್ಯವಾಗಿದ್ದ ಗಡಿಯನ್ನು ಅದು ತಾನಾಗಿ ಆರಿಸಿಕೊಂಡಿದೆ.

ವೈದ್ಯರಾಗಿ ಒಂದು ಮಾತು ಸೇರಿಸದೆ ಮುಗಿಸಲಾರೆವು. ಅಪರೂಪದ ಬಿಯರಿನಲ್ಲಿರುವ ಮದ್ಯಸಾರವೂ ಅಗ್ಗದ ಬಿಯರಿನಲ್ಲಿರುವ ಮದ್ಯಸಾರವೂ ಒಂದೇ. ನಮ್ಮ ಯಕೃತ್ತು ಲೇಬಲ್ ಓದುವುದಿಲ್ಲ.

ಇನ್ನು ಅನಿವಾಸಿಗಳಾದ ನಮಗೆ ಈ ಕಥೆ ತೀರ ಪರಕೀಯವಲ್ಲ. ಹುಳಿಪುಡಿ, ಕಾಫಿಪುಡಿ, ಮೈಸೂರು ಪಾಕುಗಳನ್ನು ಸೂಟ್‌ಕೇಸಿನ ಬಟ್ಟೆಗಳ ನಡುವೆ ಹುದುಗಿಸಿ ತಂದ ಸಂಸಾರಗಳು ನಮ್ಮ ಸಂಘದಲ್ಲಿ ಎಷ್ಟಿಲ್ಲ! ಇಂದು ಅವುಗಳಲ್ಲಿ ಬಹುಪಾಲು ಇಲ್ಲಿನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತವೆ. ಅದು ಸಂತೋಷದ ಸಂಗತಿಯೇ. ಆದರೆ ಪೊಟ್ಟಣದಲ್ಲಿ ಸಿಗುವ ಹುಳಿಪುಡಿ ಊರಿಗೆಲ್ಲ ಒಂದೇ ರುಚಿ. ಅಮ್ಮ, ಅಜ್ಜಿ ಹುರಿದು ಕುಟ್ಟುತ್ತಿದ್ದ ಪುಡಿಗೆ ಮನೆಮನೆಗೂ ಬೇರೆ ಹದವಿತ್ತು. ಆ ಹದವನ್ನು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳಲು ಯಾವ ರಾಜ್ಯದ ಪರವಾನಗಿಯೂ ಬೇಕಿಲ್ಲ.