ಸಣ್ಣಕಥೆಯಲ್ಲಿ ಕನ್ಯಾಸಮ್ಮತಿ

ವಿವಾಹಕ್ಕೆ ಹೆಣ್ಣಿನ ಒಪ್ಪಿಗೆ ಬೇಕೆಂಬ ವಿಚಾರವು ಕನ್ನಡ ನಾಡಿಗೆ ಹೊರಗಿನಿಂದ ಬಂದುದಲ್ಲ. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಅಕ್ಕನು ಕೌಶಿಕನ ಕೈಹಿಡಿಯುವ ಮೊದಲೇ ತನ್ನ ನಿಬಂಧನೆಗಳನ್ನು ಮುಂದಿಡುತ್ತಾಳೆ, ಅವು ಮುರಿದಾಗ ಅರಮನೆಯನ್ನು ತೊರೆದು ನಡೆಯುತ್ತಾಳೆ. ಆದರೆ ಇದು ಶರಣೆಯೊಬ್ಬಳ ಮಹಿಮೆಯಾಗಿ ಪೂಜೆಗೊಂಡಿತೇ ಹೊರತು ಸಂಸಾರಿಗಳ ಮನೆಯ ನಡೆಯಾಗಲಿಲ್ಲ.

1894ರಲ್ಲಿ ಮೈಸೂರು ಸಂಸ್ಥಾನವು ಶಿಶುವಿವಾಹವನ್ನು ತಡೆಯುವ ಕಾನೂನನ್ನು ತಂದಿತು. 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, 50 ದಾಟಿದ ಪುರುಷನು 14 ತುಂಬದ ಬಾಲೆಯನ್ನು ವರಿಸುವುದನ್ನೂ ಅದು ನಿಷೇಧಿಸಿತು. ಮಧುಗಿರಿ ಸೀಮೆಯ ಬಡವನಹಳ್ಳಿಯಂತಹ ಗ್ರಾಮಗಳಿಗೂ ಅನ್ವಯಿಸಿದ ಈ ಕಾನೂನು ಕನ್ಯೆಯ ವಯಸ್ಸನ್ನು ಕೇಳಿತು, ಮನಸ್ಸನ್ನು ಕೇಳಲಿಲ್ಲ.

ಅದೇ ಮೈಸೂರು ಸೀಮೆಯ ಬದುಕನ್ನು ಚಿತ್ರಿಸಿದ ಮಾಸ್ತಿಯವರ ‘ರಂಗನ ಮದುವೆ’ಯು ಕನ್ನಡದ ಆದ್ಯ ಸಣ್ಣಕಥೆಗಳಲ್ಲೊಂದು. ಬೆಂಗಳೂರಿನಲ್ಲಿ ಓದಿ ಬಂದ ರಂಗನು, ಬೆಳೆದ ಹುಡುಗಿಯನ್ನು ತಾನೇ ಮೆಚ್ಚಿ ಮದುವೆಯಾಗುವೆನೆನ್ನುತ್ತಾನೆ. ಕೊನೆಗೆ ಅವನು ಮೆಚ್ಚುವುದು 11ರ ಬಾಲೆ ರತ್ನೆಯನ್ನು. ಕಾನೂನಿಗೆ ಅದು ವಿರುದ್ಧವಲ್ಲ. ಕಥೆಯ ತಿಳಿಹಾಸ್ಯದಲ್ಲಿ ಓದುಗನು ಮರೆತೇಬಿಡುವ ಸಂಗತಿ ಒಂದುಂಟು: ವರನ ಮೆಚ್ಚಿಕೆಗಾಗಿ ಶಾಸ್ತ್ರಿಗಳವರೆಗೆ ಹೋದವರಾರೂ ರತ್ನೆಯ ಇಚ್ಛೆಯನ್ನು ವಿಚಾರಿಸುವುದಿಲ್ಲ. ಆಯ್ಕೆಯ ಸ್ವಾತಂತ್ರ್ಯವೇನೋ ಬಂದಿತು. ಬಂದುದು ಗಂಡಿಗೆ ಮಾತ್ರ.

ಆ ಮೌನವನ್ನು ಒಡೆದವರಲ್ಲಿ ಕೊಡಗಿನ ಗೌರಮ್ಮನವರು ಪ್ರಮುಖರು. 1912ರಲ್ಲಿ ಜನಿಸಿ 1939ರಲ್ಲಿ ನೀರುಪಾಲಾದ ಈ ತರುಣಿಯ ‘ಕಂಬನಿ’ ಸಂಕಲನವು ಮರಣಾನಂತರ ಬೆಳಕು ಕಂಡಿತು. ಇವರ ‘ವಾಣಿಯ ಸಮಸ್ಯೆ’ಯಲ್ಲಿ ಎಳೆಯ ವಿಧವೆ ಇಂದು ನೆರೆಮನೆಯ ದಾಂಪತ್ಯವನ್ನು ಹತ್ತಿರದಿಂದ ಕಾಣುತ್ತಾಳೆ. ಇಲ್ಲಿ ವಿವಾಹವನ್ನು ನೋಡುವ ಕಣ್ಣು ಹೆಣ್ಣಿನದು. ಅದರ ಸುಖವನ್ನೂ ಕೊರತೆಯನ್ನೂ ತೂಗುವ ಮನಸ್ಸೂ ಹೆಣ್ಣಿನದೇ. ವಿಧವೆಗೂ ಆಸೆಯುಂಟು, ವಿವೇಕವೂ ಉಂಟು ಎಂಬುದನ್ನು ಲೇಖಕಿ ಉಪದೇಶವಿಲ್ಲದೆ ತೋರಿಸುತ್ತಾರೆ.

ಹಾಗೆಂದು ಮಾಸ್ತಿಯವರನ್ನು ಹಳಿಯುವುದು ನ್ಯಾಯವಲ್ಲ. ತನ್ನನ್ನು ಬಿಟ್ಟುಹೋದ ಮಡದಿಯನ್ನು ಮರಳಿ ಮನೆಗೆ ಕರೆದುಕೊಳ್ಳುವ ಬಡವನನ್ನು ‘ವೆಂಕಟಿಗನ ಹೆಂಡತಿ’ಯಲ್ಲಿ ಚಿತ್ರಿಸಿದವರೂ ಅವರೇ. ಆದರೆ ಕ್ಷಮೆ ಬೇರೆ, ಸಮ್ಮತಿ ಬೇರೆ. ಮೊದಲನೆಯದು ಗಂಡಿನ ಔದಾರ್ಯ. ಎರಡನೆಯದು ಹೆಣ್ಣಿನ ಹಕ್ಕು.

2006ರ ಕಾಯಿದೆಯು ಕನ್ಯೆಗೆ 18 ವರ್ಷ ತುಂಬಿರಬೇಕೆಂದು ವಿಧಿಸಿದೆ. ವಯಸ್ಸಿನ ಲೆಕ್ಕವನ್ನು ಸರಕಾರ ನೋಡಿಕೊಳ್ಳಬಲ್ಲದು. ಮನಸ್ಸಿನ ಮಾತನ್ನು ಕೇಳಬೇಕಾದವರು ಹೆತ್ತವರು. ಅಕ್ಕನ ನಿಬಂಧನೆಗಳನ್ನು ಭಕ್ತಿಯಿಂದ ಪಠಿಸುವ ಮನೆಯಲ್ಲಿ ಮಗಳ ನಿಬಂಧನೆಗೂ ಕಿವಿಯಿದ್ದರೆ ಆ ಪಾರಾಯಣ ಸಾರ್ಥಕ.